ಸ್ಕಿಜೋಫ್ರೀನಿಯಾ: ಲಕ್ಷಣಗಳು ಮತ್ತು ಆರೈಕೆ

ಸ್ಕಿಜೋಫ್ರೀನಿಯಾ ತೀವ್ರ ಸ್ವರೂಪದ ಮನೋರೋಗ. ಯೋಚನೆ, ಗ್ರಹಿಕೆ, ಭಾವನೆ, ಇಚ್ಛಾಶಕ್ತಿ ಇವು ಒಂದಕ್ಕೊಂದು ಹೊಂದಿಕೊಂಡು ನಡೆಯುವುದನ್ನು ಅದು ಕೆಡಿಸುತ್ತದೆ. ಕನ್ನಡದ ವೈದ್ಯಕೀಯ ಬರವಣಿಗೆಯಲ್ಲಿ ಛಿದ್ರಮನಸ್ಕತೆ, ಇಚ್ಛಿತ್ತ ವಿಕಲತೆ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಒಬ್ಬನೊಳಗೆ ಇಬ್ಬರು ಮನುಷ್ಯರು ವಾಸಿಸುವಂತೆ ಸಿನಿಮಾಗಳು ತೋರಿಸುವ ಸ್ಥಿತಿಗೂ ಇದಕ್ಕೂ ಸಂಬಂಧವಿಲ್ಲ. ಅದು ಬೇರೆಯೇ ತೊಂದರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಎರಡು ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ. ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಸ್ಕಿಜೋಫ್ರೀನಿಯಾ ಮತ್ತು ಅದರ ಗುಂಪಿನ ಇತರ ಕಾಯಿಲೆಗಳು ವಯಸ್ಕರಲ್ಲಿ ಶೇ. 1.4 ಮಂದಿಯನ್ನು ಬದುಕಿನಲ್ಲಿ ಒಮ್ಮೆಯಾದರೂ ಕಾಡಿವೆ. ಅದೇ ಸಮೀಕ್ಷೆ ಮುಂದಿಟ್ಟ ಇನ್ನೊಂದು ಲೆಕ್ಕ ಹೆಚ್ಚು ನೋಯಿಸುವಂಥದ್ದು: ಇಂಥ ಕಾಯಿಲೆ ಇದ್ದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಚಿಕಿತ್ಸೆಯ ಹೊರಗಿದ್ದರು.

ಗಂಡಸರಲ್ಲಿ ಹದಿಹರೆಯದ ಕೊನೆಯಿಂದ ಇಪ್ಪತ್ತೈದರ ಒಳಗೆ, ಹೆಂಗಸರಲ್ಲಿ ಅದಕ್ಕಿಂತ ಕೆಲವು ವರ್ಷ ತಡವಾಗಿ ಕಾಯಿಲೆ ಶುರುವಾಗುವುದು ಹೆಚ್ಚು. ಹೆಂಗಸರಲ್ಲಿ ಮುಟ್ಟು ನಿಲ್ಲುವ ವಯಸ್ಸಿನ ಆಸುಪಾಸಿನಲ್ಲಿ ಎರಡನೆಯ ಸಣ್ಣ ಏರಿಕೆಯೊಂದು ಕಾಣುತ್ತದೆ. ಓದು ಮುಗಿದು ಕೆಲಸ ಹುಡುಕುವ, ಮನೆಯಲ್ಲಿ ಮದುವೆಯ ಮಾತು ಏಳುವ ಕಾಲಕ್ಕೇ ಇದು ಬಂದು ಬೀಳುವುದರಿಂದ, ಕಾಯಿಲೆಯ ಜೊತೆಗೆ ಅರ್ಧಕ್ಕೆ ನಿಂತ ಪದವಿ, ಕೈತಪ್ಪಿದ ನೌಕರಿ, ಮುರಿದ ಸಂಬಂಧಗಳನ್ನೂ ಕುಟುಂಬ ಹೊರಬೇಕಾಗುತ್ತದೆ.

ಶುರುವಾಗುವ ಬಗೆ

ಒಂದೇ ರಾತ್ರಿಯಲ್ಲಿ ಸ್ಫೋಟಿಸುವ ಸ್ಕಿಜೋಫ್ರೀನಿಯಾ ಇಲ್ಲವೆಂದಲ್ಲ, ಆದರೆ ಹೆಚ್ಚಿನವರಲ್ಲಿ ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮೆಲ್ಲಗೆ ಬರುತ್ತದೆ. ಚೆನ್ನಾಗಿ ಓದುತ್ತಿದ್ದ ಹುಡುಗ ಪುಸ್ತಕ ತೆರೆದಿಟ್ಟುಕೊಂಡು ಒಂದೇ ಪುಟದ ಮುಂದೆ ಗಂಟೆಗಟ್ಟಲೆ ಕೂರುತ್ತಾನೆ. ಗೆಳೆಯರ ಫೋನು ಬಂದರೆ ಎತ್ತುವುದಿಲ್ಲ. ರಾತ್ರಿಯೆಲ್ಲ ಎದ್ದಿದ್ದು ಹಗಲು ಮಲಗುತ್ತಾನೆ. ಸ್ನಾನ, ಬಟ್ಟೆ, ಊಟದ ಹೊತ್ತು ಎಲ್ಲವೂ ತಪ್ಪುತ್ತವೆ. ಕೋಣೆಯ ಬಾಗಿಲು ಹಾಕಿಕೊಳ್ಳುವುದು ಹೆಚ್ಚುತ್ತದೆ. ಅಕ್ಕಪಕ್ಕದವರು ತನ್ನ ಬಗ್ಗೆಯೇ ಮಾತಾಡಿಕೊಳ್ಳುತ್ತಾರೆಂಬ ಗುಮಾನಿ ಇಣುಕತೊಡಗುತ್ತದೆ. ಈ ಹಂತದಲ್ಲಿ ಕಾಣುವ ಒಂದೊಂದು ಚಿಹ್ನೆಗೂ ಬೇರೆ ವಿವರಣೆ ಇರಬಹುದು: ಪರೀಕ್ಷೆಯ ಭಯ, ಪ್ರೇಮಭಂಗ, ಖಿನ್ನತೆ, ಗಾಂಜಾ, ಬರೀ ಹರೆಯ. ಹಾಗಾಗಿ ಮನೆಯವರು ಕಾದು ನೋಡುತ್ತಾರೆ. ಅವರನ್ನು ದೂರುವಂತಿಲ್ಲ, ನುರಿತ ವೈದ್ಯರಿಗೂ ಈ ಹೊತ್ತಿನಲ್ಲಿ ಖಚಿತವಾಗಿ ಹೇಳುವುದು ಕಷ್ಟ. ಆದರೆ ಮೊದಲ ಸ್ಪಷ್ಟ ಲಕ್ಷಣದಿಂದ ಮೊದಲ ಗುಳಿಗೆಯವರೆಗಿನ ಅವಧಿ ಉದ್ದವಾದಷ್ಟೂ ಚೇತರಿಕೆ ನಿಧಾನವಾಗುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ.

ದನಿಗಳು ಮತ್ತು ಭ್ರಮೆಗಳು

ಕಾಯಿಲೆ ಎದ್ದು ಕಾಣತೊಡಗುವುದು ಇಲ್ಲಿಂದ. ಯಾರೂ ಇಲ್ಲದ ಕಡೆಯಿಂದ ಮಾತು ಕೇಳುವುದು ಎಲ್ಲಕ್ಕಿಂತ ಪರಿಚಿತ ಲಕ್ಷಣ. ಆ ದನಿ ಮನಸ್ಸಿನೊಳಗಿನ ಯೋಚನೆಯಂತಿರದೆ, ಕಿಟಕಿಯಾಚೆಯಿಂದಲೋ ಗೋಡೆಯ ಹಿಂದಿನಿಂದಲೋ ನಿಜವಾಗಿ ಬಂದಂತೆಯೇ ಕಿವಿಗೆ ತಾಕುತ್ತದೆ. ಒಂದು ದನಿ ಬೈಯಬಹುದು, ಅಪ್ಪಣೆ ಕೊಡಬಹುದು. ಇಬ್ಬರು ಸೇರಿ "ನೋಡು, ಈಗ ಎದ್ದ, ಈಗ ನೀರು ಕುಡಿಯುತ್ತಿದ್ದಾನೆ" ಎಂದು ವೀಕ್ಷಕ ವಿವರಣೆ ನೀಡಬಹುದು. ಮನೆಯವರು ಹೇಳುವ "ಒಬ್ಬನೇ ಮಾತಾಡ್ತಾನೆ, ತನ್ನಷ್ಟಕ್ಕೆ ತಾನೇ ನಗ್ತಾನೆ" ಎಂಬ ಮಾತಿನ ಹಿಂದೆ ಹೆಚ್ಚಾಗಿ ಇರುವುದು ಇದೇ. ಅವನು ಉತ್ತರ ಕೊಡುತ್ತಿರುತ್ತಾನೆ. ಜರ್ಮನಿಯ ಮನೋವೈದ್ಯ ಕುರ್ಟ್ ಶ್ನೈಡರ್ ಇಂಥ ಕೆಲವು ಅನುಭವಗಳನ್ನು ಪ್ರಥಮ ಶ್ರೇಣಿಯ ಲಕ್ಷಣಗಳೆಂದು ಗುರುತಿಸಿದ. ತನ್ನ ತಲೆಯೊಳಗೆ ಬೇರೆಯವರು ಯೋಚನೆ ತುರುಕುತ್ತಿದ್ದಾರೆ, ಇದ್ದ ಯೋಚನೆಯನ್ನು ಕಿತ್ತುಕೊಳ್ಳುತ್ತಿದ್ದಾರೆ, ತಾನು ಅಂದುಕೊಂಡದ್ದೆಲ್ಲ ಊರಿಗೇ ಕೇಳಿಸುತ್ತಿದೆ ಎಂಬ ಅನುಭವಗಳು ಆ ಪಟ್ಟಿಯಲ್ಲಿವೆ. ಕೊನೆಯದನ್ನು ಒಂದು ಕ್ಷಣ ಊಹಿಸಿಕೊಂಡರೆ, ರೋಗಿ ಬಸ್ಸು ಹತ್ತಲು, ಮದುವೆಮನೆಗೆ ಹೋಗಲು ಯಾಕೆ ಹೆದರುತ್ತಾನೆಂಬುದು ಅರ್ಥವಾಗುತ್ತದೆ.

ದನಿಗಳಿಗೂ ನೆಲದ ಗುಣವಿದೆ. ಮಾನವಶಾಸ್ತ್ರಜ್ಞೆ ಟಾನ್ಯಾ ಲ್ಯೂರ್‌ಮನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಸಾನ್ ಮಟೇವೊ, ಘಾನಾದ ಅಕ್ರಾ ಮತ್ತು ಚೆನ್ನೈ, ಈ ಮೂರು ಕಡೆ ತಲಾ 20 ರೋಗಿಗಳನ್ನು ಮಾತಾಡಿಸಿದರು. ಅಮೆರಿಕದವರು ಕೇಳಿದ್ದು ಹೆಚ್ಚಾಗಿ ಅಪರಿಚಿತರ, ಹಿಂಸೆಯ ದನಿ. ಚೆನ್ನೈಯಲ್ಲಿ ಅನೇಕರಿಗೆ ಕೇಳಿದ್ದು ಬಂಧುಗಳ ದನಿ. ಅವು ಗದರುತ್ತಿದ್ದವು, ಆದರೆ ಸ್ನಾನ ಮಾಡು, ಮನೆಗೆಲಸ ಮಾಡು ಎಂದು ಬುದ್ಧಿಯನ್ನೂ ಹೇಳುತ್ತಿದ್ದವು. ಕಾಯಿಲೆ ಒಂದೇ ಆದರೂ ಅದು ಮಾತಾಡುವುದು ರೋಗಿ ಬೆಳೆದ ಮನೆಯ ಭಾಷೆಯಲ್ಲಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವುದು ಅಪರೂಪ.

ಭ್ರಮೆ ಎಂದರೆ ಯಾವ ಸಾಕ್ಷ್ಯಕ್ಕೂ ಅಲುಗಾಡದ ಸುಳ್ಳು ನಂಬಿಕೆ. ಯಾರೋ ಹಿಂಬಾಲಿಸುತ್ತಿದ್ದಾರೆ, ಊಟದಲ್ಲಿ ವಿಷ ಹಾಕಿದ್ದಾರೆ, ಟಿವಿಯಲ್ಲಿ ಸುದ್ದಿ ಓದುವವರು ತನಗೇ ಸನ್ನೆ ಮಾಡುತ್ತಿದ್ದಾರೆ, ಹೆಂಡತಿಯ ಜಾಗದಲ್ಲಿ ಅವಳಂತೆಯೇ ಇರುವ ಬೇರೊಬ್ಬಳು ಬಂದು ಕೂತಿದ್ದಾಳೆ. ಇವುಗಳ ವಸ್ತು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಒಂದು ಕಾಲದಲ್ಲಿ ರೇಡಿಯೋ ಅಲೆಗಳಿದ್ದ ಕಡೆ ಈಗ ಮೊಬೈಲು, ಸಿಸಿಟಿವಿ ಕ್ಯಾಮೆರಾ, ವಾಟ್ಸ್ಆ್ಯಪ್ ಗುಂಪುಗಳು ಬಂದಿವೆ. ನಮ್ಮ ಹಳ್ಳಿಗಳಲ್ಲಿ ಮದ್ದು ಹಾಕಿದ್ದಾರೆ, ಮಾಟ ಮಾಡಿಸಿದ್ದಾರೆ ಎಂಬ ಮಾತು ಸಾಮಾನ್ಯವಾದ್ದರಿಂದ ವೈದ್ಯರು ಇಲ್ಲಿ ಎಚ್ಚರ ವಹಿಸಬೇಕು. ಊರೆಲ್ಲ ಹಂಚಿಕೊಂಡಿರುವ ನಂಬಿಕೆಯನ್ನು ರೋಗಲಕ್ಷಣವೆಂದು ಬರೆದುಕೊಳ್ಳುವಂತಿಲ್ಲ. ಮಾಟವನ್ನು ನಂಬುವ ಮನೆಯವರೇ "ಇವನು ಹೇಳೋದು ಅತಿಯಾಯಿತು, ಹಾಗೆಲ್ಲ ಏನೂ ಆಗಿಲ್ಲ" ಎಂದು ಹೇಳತೊಡಗಿದಾಗ ಆ ನಂಬಿಕೆ ಭ್ರಮೆಯ ಗಡಿ ದಾಟಿರುತ್ತದೆ. ಹಾಗೆಯೇ ಕರಾವಳಿಯ ಕೋಲದಲ್ಲಿ ಪಾತ್ರಿಯ ಮೈಮೇಲೆ ದೈವ ಬರುವುದು ಸ್ಕಿಜೋಫ್ರೀನಿಯಾ ಅಲ್ಲ. ಅದಕ್ಕೆ ಹೊತ್ತುಗೊತ್ತಿದೆ, ಕಟ್ಟುಪಾಡಿದೆ, ಮುಗಿದ ಮೇಲೆ ಆ ವ್ಯಕ್ತಿ ತನ್ನ ಎಂದಿನ ಕೆಲಸಕ್ಕೆ ಮರಳುತ್ತಾನೆ.

ಮಾತಿನ ಕೊಂಡಿ ಕಳಚುವುದು ಇನ್ನೊಂದು ಲಕ್ಷಣ. ಪ್ರಶ್ನೆಯಿಂದ ಉತ್ತರ ಜಾರಿ, ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ಸಂಬಂಧ ತಪ್ಪುತ್ತದೆ. ಕೆಲವರಲ್ಲಿ ಚಲನೆಯೇ ಸ್ತಬ್ಧವಾಗುತ್ತದೆ: ಕೈಯನ್ನು ಎತ್ತಿ ಹಿಡಿದರೆ ಹಾಗೆಯೇ ಉಳಿಯುತ್ತದೆ, ಊಟ ನೀರು ಮಾತು ಯಾವುದೂ ಇರುವುದಿಲ್ಲ. ಕೆಟಟೋನಿಯಾ ಎಂಬ ಈ ಸ್ಥಿತಿ ನೋಡಲು ಭೀಕರವಾದರೂ ಲೊರಾಜೆಪಾಮ್ ಔಷಧಿಗೆ ಅಥವಾ ವಿದ್ಯುತ್ ಕಂಪನ ಚಿಕಿತ್ಸೆಗೆ ಬೇಗ ಬಗ್ಗುತ್ತದೆ.

ಸೋಮಾರಿತನವೆಂದು ತಪ್ಪು ತಿಳಿಯುವ ಲಕ್ಷಣಗಳು

ಈ ಕಾಯಿಲೆಯನ್ನು ಕುರಿತ ಹೆಚ್ಚಿನ ಬರಹಗಳು ದನಿ, ಭ್ರಮೆಗಳಲ್ಲೇ ನಿಂತುಬಿಡುತ್ತವೆ. ಆದರೆ ವರ್ಷಗಟ್ಟಲೆ ಮನುಷ್ಯನ ಕೈಕಾಲು ಕಟ್ಟಿಹಾಕುವ ಲಕ್ಷಣಗಳು ಬೇರೆ. ಮನೋವೈದ್ಯರು ಅವನ್ನು ಋಣಾತ್ಮಕ ಲಕ್ಷಣಗಳೆನ್ನುತ್ತಾರೆ: ಇರಬೇಕಾದದ್ದು ಇಲ್ಲವಾಗುವುದು. ಮಾತು ಒಂದೆರಡು ಪದಕ್ಕೆ ಇಳಿಯುತ್ತದೆ. ಮುಖದಲ್ಲಿ, ದನಿಯಲ್ಲಿ ಏರಿಳಿತ ಸತ್ತುಹೋಗುತ್ತದೆ. ತಂಗಿಯ ಮದುವೆಯಲ್ಲೂ ಅಜ್ಜಿಯ ಸಾವಿನಲ್ಲೂ ಅದೇ ಮುಖ. ಇಷ್ಟದ ತಿಂಡಿ, ಸಿನಿಮಾ, ಕ್ರಿಕೆಟ್ ಯಾವುದರಿಂದಲೂ ಖುಷಿ ಸಿಗದು. ಜನರ ನಡುವೆ ಇರಬೇಕೆನ್ನಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸವೊಂದನ್ನು ಶುರುಮಾಡುವ ಒಳಗಿನ ನೂಕುಬಲವೇ ಬತ್ತುತ್ತದೆ.

ದನಿಗಳು ಔಷಧಿಗೆ ಅಡಗಿದ ಮೇಲೂ ಇವು ಉಳಿಯುತ್ತವೆ ಎಂಬಲ್ಲಿ ಕುಟುಂಬದ ನಿಜವಾದ ಪರೀಕ್ಷೆ ಶುರುವಾಗುತ್ತದೆ. ಕೂಗಾಟ ನಿಂತಿದೆ, ಗುಳಿಗೆ ನುಂಗುತ್ತಿದ್ದಾನೆ, ಹೊಟ್ಟೆ ತುಂಬ ಉಣ್ಣುತ್ತಾನೆ, ಆದರೂ ಬೆಳಗ್ಗೆ ಹನ್ನೊಂದಕ್ಕೆ ಏಳುತ್ತಾನೆ, ಜಗಲಿಯ ಮೇಲೆ ಕೂತು ರಸ್ತೆ ನೋಡುತ್ತಾನೆ. "ಈಗ ಚೆನ್ನಾಗಿದ್ದಾನಲ್ಲ, ದುಡಿಯೋಕೆ ಏನು ಧಾಡಿ" ಎಂದು ತಂದೆಗೆ ಅನ್ನಿಸುವುದು ಸಹಜ. ಆ ತಂದೆಗೆ ಯಾರೂ ತಿಳಿಸಿ ಹೇಳಿಲ್ಲದಿರುವುದು ಇಷ್ಟೇ: ಭ್ರಮೆ ಎಷ್ಟು ರೋಗವೋ ಈ ಜಡತೆಯೂ ಅಷ್ಟೇ ರೋಗ. ಮುರಿದ ಕಾಲಿನವನಿಗೆ ಓಡು ಎಂದು ಯಾರೂ ಬೈಯುವುದಿಲ್ಲ. ಇಲ್ಲಿ ಮುರಿದದ್ದು ಕಣ್ಣಿಗೆ ಕಾಣದ ಕಾರಣ ಬೈಗುಳ ದಿನವೂ ಬೀಳುತ್ತದೆ. ಜಡತೆಗೆ ಇತರ ಕಾರಣಗಳೂ ಬೆರೆತಿರಬಹುದು. ಔಷಧಿಯ ಮಂಪರು, ಜೊತೆಗೆ ಸೇರಿಕೊಂಡ ಖಿನ್ನತೆ, ವರ್ಷಗಟ್ಟಲೆ ಕೆಲಸವಿಲ್ಲದೆ ಕೂತ ಅಭ್ಯಾಸ. ಒಂದೊಂದನ್ನೂ ಬಿಡಿಸಿ ನೋಡಿ ಸರಿಪಡಿಸಬಹುದಾದ್ದನ್ನು ಸರಿಪಡಿಸುವುದು ವೈದ್ಯರ ಹೊಣೆ.

ಇದರ ಪಕ್ಕದಲ್ಲೇ ಬುದ್ಧಿಯ ಚುರುಕಿಗೆ ಸಂಬಂಧಿಸಿದ ತೊಡಕುಗಳಿವೆ. ಗಮನ ನಿಲ್ಲದು, ಹೇಳಿದ ನಾಲ್ಕು ಕೆಲಸಗಳಲ್ಲಿ ಎರಡು ಮರೆಯುತ್ತವೆ, ಯಾವುದನ್ನು ಮೊದಲು ಮಾಡಬೇಕೆಂಬ ಯೋಜನೆ ಹಾಕಲು ಆಗುವುದಿಲ್ಲ. ಸೊಸೈಟಿಗೆ ಹೋಗಿ ಗೊಬ್ಬರ ತಂದು, ಚಿಲ್ಲರೆ ಎಣಿಸಿ, ಬರುವಾಗ ಅಂಗಡಿಯಿಂದ ಸಾಮಾನು ಹಿಡಿದು ಬರುವ ಸರಳ ಕೆಲಸ ಬೆಟ್ಟದಷ್ಟಾಗುತ್ತದೆ. ರೋಗಿ ಮತ್ತೆ ಉದ್ಯೋಗದಲ್ಲಿ ನಿಲ್ಲಬಲ್ಲನೇ ಎಂಬುದನ್ನು ದನಿಗಳಿಗಿಂತ ಹೆಚ್ಚಾಗಿ ಈ ಎರಡು ಬಗೆಯ ಲಕ್ಷಣಗಳೇ ತೀರ್ಮಾನಿಸುತ್ತವೆ. ಈಗಿನ ಔಷಧಿಗಳು ಸೋಲುವುದೂ ಇಲ್ಲೇ.

ತನಗೆ ಕಾಯಿಲೆ ಇದೆಯೆಂಬ ಅರಿವು ಇಲ್ಲದಿರುವುದನ್ನೂ ಲಕ್ಷಣವೆಂದೇ ಎಣಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 1960ರ ದಶಕದ ಕೊನೆಯಲ್ಲಿ ಒಂಬತ್ತು ದೇಶಗಳಲ್ಲಿ ಕೈಗೊಂಡ ಅಧ್ಯಯನದಲ್ಲಿ ಎಲ್ಲಕ್ಕಿಂತ ಹೆಚ್ಚು ಮಂದಿಯಲ್ಲಿ, ಶೇ. 97ರಷ್ಟು ರೋಗಿಗಳಲ್ಲಿ, ಕಂಡ ಲಕ್ಷಣ ಇದು. ಕಿವಿಯಲ್ಲಿ ಕೇಳುವ ದನಿಗಳು ಶೇ. 74ರಷ್ಟು ಮಂದಿಯಲ್ಲಿದ್ದವು. "ನನಗೇನೂ ಆಗಿಲ್ಲ, ನಿಮಗೇ ತಲೆ ಕೆಟ್ಟಿದೆ" ಎಂಬ ರೋಗಿಯ ಮಾತಿನಲ್ಲಿ ಹಟವಿಲ್ಲ. ಅವನ ಪಾಲಿಗೆ ಅದು ಸತ್ಯ. ವಾದ ಮಾಡಿ ಅವನ ಭ್ರಮೆ ಬಿಡಿಸಲು ಹೊರಟವರು ಸಾಮಾನ್ಯವಾಗಿ ಅವನ ವಿಶ್ವಾಸವನ್ನಷ್ಟೇ ಕಳೆದುಕೊಳ್ಳುತ್ತಾರೆ. "ನಿನಗೆ ಹಾಗೆ ಕೇಳಿಸಿ ಹೆದರಿಕೆ ಆಗ್ತಿದೆ ಅಂತ ಗೊತ್ತು, ನಿದ್ದೆ ಬರೋ ಹಾಗಾದರೂ ಡಾಕ್ಟರನ್ನ ನೋಡೋಣ" ಎಂದವರ ಜೊತೆ ಅವನು ಆಸ್ಪತ್ರೆಗೆ ಬರುವ ಸಾಧ್ಯತೆ ಹೆಚ್ಚು.

ಗುರುತಿಸುವುದು ಹೇಗೆ

ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಸ್ಕಿಜೋಫ್ರೀನಿಯಾವನ್ನು ತೋರಿಸಿಕೊಡುವುದಿಲ್ಲ. ರೋಗಿಯ ಮತ್ತು ಮನೆಯವರ ಮಾತು ಕೇಳಿ, ನಡವಳಿಕೆ ಗಮನಿಸಿ ವೈದ್ಯರು ನಿರ್ಧರಿಸುತ್ತಾರೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿಯಂತೆ ಲಕ್ಷಣಗಳು ಕನಿಷ್ಠ ಒಂದು ತಿಂಗಳು ಇರಬೇಕು; ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಆರು ತಿಂಗಳ ಅವಧಿ ಕೇಳುತ್ತದೆ. ಪ್ಯಾರನಾಯ್ಡ್, ಹೆಬೆಫ್ರೆನಿಕ್ ಮೊದಲಾದ ಹಳೆಯ ಒಳವಿಭಾಗಗಳನ್ನು ಎರಡೂ ಕೈಬಿಟ್ಟಿವೆ. ಪರೀಕ್ಷೆಗಳನ್ನು ಮಾಡಿಸುವುದು ಬೇರೆ ಕಾರಣಗಳನ್ನು ಹೊರಗಿಡಲು: ಥೈರಾಯ್ಡ್ ತೊಂದರೆ, ಮೂರ್ಛೆರೋಗ, ಮಿದುಳಿನ ಸೋಂಕು ಅಥವಾ ಗಡ್ಡೆ, ಮಾದಕ ವಸ್ತು, ದೀರ್ಘಕಾಲದ ಕುಡಿತ.

ಕಾರಣಗಳು

ಅನುವಂಶೀಯತೆಯ ಪಾಲು ದೊಡ್ಡದು. ಸಾಮಾನ್ಯ ಜನರಲ್ಲಿ ಬದುಕಿನುದ್ದಕ್ಕೆ ನೂರಕ್ಕೆ ಒಂದರ ಆಸುಪಾಸಿನಲ್ಲಿರುವ ಸಂಭವ, ತಂದೆ ಅಥವಾ ತಾಯಿಗೆ ಕಾಯಿಲೆ ಇದ್ದರೆ ನೂರಕ್ಕೆ ಹತ್ತರ ಸಮೀಪಕ್ಕೆ ಏರುತ್ತದೆ. ಅದನ್ನೇ ತಿರುಗಿಸಿ ಹೇಳಿದರೆ, ಅಂಥ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಕಾಯಿಲೆ ಬರುವುದಿಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವುದು ಅರ್ಧದಷ್ಟು ಜೋಡಿಗಳಲ್ಲಿ ಮಾತ್ರ, ಕೆಲವು ಅಧ್ಯಯನಗಳಲ್ಲಿ ಇನ್ನೂ ಕಡಿಮೆ. ಒಂದೇ ಒಂದು ಜೀನ್ ಇದಕ್ಕೆ ಹೊಣೆಯಲ್ಲ. 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಕಾಯಿಲೆಯೊಂದಿಗೆ ನಂಟಿರುವ 287 ಜಾಗಗಳನ್ನು ಮನುಷ್ಯನ ಜೀನೋಮಿನಲ್ಲಿ ಗುರುತಿಸಿತು. ಒಂದೊಂದರ ಪ್ರಭಾವವೂ ತೀರ ಸಣ್ಣದು.

ಇದರ ಮೇಲೆ ಪರಿಸರದ ಪಾತ್ರ. ನೆದರ್‌ಲೆಂಡ್ಸ್‌ನಲ್ಲಿ 1944–45ರ ಚಳಿಗಾಲದ ಕ್ಷಾಮದಲ್ಲಿ ಗರ್ಭಧರಿಸಿದ ತಾಯಂದಿರ ಮಕ್ಕಳಲ್ಲಿ ಮುಂದೆ ಕಾಯಿಲೆಯ ಪ್ರಮಾಣ ಸುಮಾರು ಇಮ್ಮಡಿಯಾಯಿತು. ಹೆರಿಗೆಯ ತೊಡಕು, ನಗರದಲ್ಲಿ ಹುಟ್ಟಿ ಬೆಳೆಯುವುದು, ವಲಸೆ, ಬಾಲ್ಯದ ಹಿಂಸೆ ಇವೂ ಸಂಭವವನ್ನು ಹೆಚ್ಚಿಸುತ್ತವೆ. ಗಾಂಜಾದ ಬಗ್ಗೆ ವಿಶೇಷವಾಗಿ ಹೇಳಬೇಕು. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿಸಿಕೊಂಡ ಯುವಕರನ್ನು ವರ್ಷಗಟ್ಟಲೆ ಹಿಂಬಾಲಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚಾಗಿ ಗಾಂಜಾ ಸೇದಿದವರಲ್ಲಿ ಕಾಯಿಲೆಯ ಪ್ರಮಾಣ ಸೇದದವರಿಗಿಂತ ಸುಮಾರು 6 ಪಟ್ಟು ಇತ್ತು. ಕುಟುಂಬದಲ್ಲಿ ಕಾಯಿಲೆಯ ಇತಿಹಾಸವಿರುವ ಹುಡುಗರು ಅದರ ಹತ್ತಿರ ಸುಳಿಯದಿರುವುದು ಅವರ ಕೈಯಲ್ಲೇ ಇರುವ ಮುನ್ನೆಚ್ಚರಿಕೆ.

ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಅಮೆರಿಕದ ಕೆಲವು ಮನೋವಿಶ್ಲೇಷಕರು ತಾಯಿಯ ತಣ್ಣನೆಯ ಸ್ವಭಾವವೇ ಮಗುವಿಗೆ ಸ್ಕಿಜೋಫ್ರೀನಿಯಾ ತರುತ್ತದೆ ಎಂದು ವಾದಿಸಿದರು. ಡೆನ್ಮಾರ್ಕಿನ ದತ್ತುಮಕ್ಕಳ ಅಧ್ಯಯನಗಳು, ಕಾಯಿಲೆ ಹಿಂಬಾಲಿಸುವುದು ಹೆತ್ತವರ ರಕ್ತವನ್ನೇ ಹೊರತು ಸಾಕಿದವರ ಸ್ವಭಾವವನ್ನಲ್ಲ ಎಂದು ತೋರಿಸಿ ಆ ವಾದವನ್ನು ಮುಗಿಸಿದವು. ಒಂದು ತಲೆಮಾರಿನ ತಾಯಂದಿರು ಅಷ್ಟರೊಳಗೆ ವಿನಾಕಾರಣ ಪಾಪಪ್ರಜ್ಞೆ ಹೊತ್ತಾಗಿತ್ತು. ನಮ್ಮಲ್ಲಿ ಆ ಜಾಗದಲ್ಲಿ ಪೂರ್ವಜನ್ಮದ ಕರ್ಮ, ಸೊಸೆಯ ಕಾಲ್ಗುಣ ನಿಂತಿವೆ. ಅವೂ ಅಷ್ಟೇ ನಿರಾಧಾರ.

ಮಿದುಳಿನೊಳಗೆ ಏನಾಗುತ್ತದೆ ಎಂಬುದರ ಬಗ್ಗೆ ಅತ್ಯಂತ ಗಟ್ಟಿಯಾದ ಪುರಾವೆ ಇರುವುದು ಡೋಪಮಿನ್ ಎಂಬ ನರವಾಹಕದ ಸುತ್ತ. ಮಿದುಳಿನ ಆಳದ ಸ್ಟ್ರಯಾಟಮ್ ಭಾಗದಲ್ಲಿ ಅದು ಅಗತ್ಯಕ್ಕಿಂತ ಹೆಚ್ಚು ತಯಾರಾಗುತ್ತದೆ. ಯಾವುದು ಮುಖ್ಯ, ಯಾವುದಕ್ಕೆ ಗಮನ ಕೊಡಬೇಕು ಎಂದು ಗುರುತು ಹಾಕುವುದು ಡೋಪಮಿನ್‌ನ ಒಂದು ಕೆಲಸ. ಅದು ಹದ ತಪ್ಪಿದಾಗ ಪಕ್ಕದ ಮನೆಯ ನಾಯಿ ಬೊಗಳಿದ್ದು, ಎದುರಿನವರು ಕೆಮ್ಮಿದ್ದು, ನಂಬರ್ ಪ್ಲೇಟಿನ ಅಂಕಿ, ಎಲ್ಲವೂ ಅರ್ಥಗರ್ಭಿತವಾಗಿ ಕಾಣತೊಡಗುತ್ತವೆ. ಆ ಅರ್ಥಗಳನ್ನು ಜೋಡಿಸಲು ಮನಸ್ಸು ಕಟ್ಟಿಕೊಳ್ಳುವ ಕಥೆಯೇ ಭ್ರಮೆ ಎಂಬ ವಿವರಣೆಗೆ ಈಗ ಮನ್ನಣೆ ಹೆಚ್ಚು. ಜಡತೆ, ಮರೆವುಗಳಿಗೆ ಈ ಒಂದೇ ಸೂತ್ರ ಸಾಲದು. ಗ್ಲುಟಮೇಟ್ ಎಂಬ ಇನ್ನೊಂದು ನರವಾಹಕ ಮತ್ತು ಹರೆಯದಲ್ಲಿ ನರಕೋಶಗಳ ಸಂಪರ್ಕಗಳು ಅತಿಯಾಗಿ ಕತ್ತರಿಸಲ್ಪಡುವುದು ಸಂಶೋಧಕರ ಗಮನದಲ್ಲಿವೆ.

ಚಿಕಿತ್ಸೆಯ ಚರಿತ್ರೆಯಲ್ಲಿ ಸರ್ಪಗಂಧ

ಜರ್ಮನಿಯ ಎಮಿಲ್ ಕ್ರೆಪೆಲಿನ್ 19ನೆಯ ಶತಮಾನದ ಕೊನೆಯಲ್ಲಿ ಈ ಕಾಯಿಲೆಯನ್ನು ಉನ್ಮಾದ-ಖಿನ್ನತೆಯ ಕಾಯಿಲೆಯಿಂದ ಬೇರ್ಪಡಿಸಿದ. ಅವನ ದೃಷ್ಟಿಯಲ್ಲಿ ಇದು ಎಳವೆಯಲ್ಲೇ ಬುದ್ಧಿ ಸವೆಯುವ, ಬಹುಪಾಲು ಮರಳಿ ಬಾರದ ದಾರಿ. ಸ್ವಿಟ್ಜರ್‌ಲೆಂಡಿನ ಯೂಗೆನ್ ಬ್ಲಾಯ್ಲರ್ 1908ರಲ್ಲಿ ಇಂದಿನ ಹೆಸರನ್ನು ಕೊಟ್ಟದ್ದಷ್ಟೇ ಅಲ್ಲದೆ, ಎಲ್ಲರೂ ಹಾಳಾಗುವುದಿಲ್ಲ ಎಂಬುದನ್ನೂ ಒತ್ತಿ ಹೇಳಿದ. ಆದರೂ ಮುಂದಿನ ನಾಲ್ಕು ದಶಕಗಳ ಚಿಕಿತ್ಸೆ ಕ್ರೂರವಾಗಿತ್ತು: ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸುವುದು, ಅರಿವಳಿಕೆಯಿಲ್ಲದ ವಿದ್ಯುತ್ ಕಂಪನ, ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ. ಕೊನೆಯದಕ್ಕೆ 1949ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು.

ತಿರುವು ಬಂದದ್ದು 1952ರಲ್ಲಿ, ಪ್ಯಾರಿಸ್ಸಿನ ಸೇಂತ್ ಆನ್ ಆಸ್ಪತ್ರೆಯಲ್ಲಿ. ಝಾಂ ಡಿಲೇ ಮತ್ತು ಪಿಯೆರ್ ಡೆನಿಕರ್ ಕ್ಲೋರ್‌ಪ್ರೊಮಜಿನ್ ಕೊಟ್ಟು ರೋಗಿಗಳ ದನಿ, ಭ್ರಮೆಗಳು ಇಳಿಯುವುದನ್ನು ಕಂಡರು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಂದಲೇ ಕಥೆ ಶುರುಮಾಡುತ್ತವೆ. ಆದರೆ ಅದಕ್ಕಿಂತ ಇಪ್ಪತ್ತು ವರ್ಷ ಮೊದಲು, 1931ರಲ್ಲಿ, ಭಾರತದ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಸರ್ಪಗಂಧದ ಬೇರನ್ನು ರಕ್ತದೊತ್ತಡಕ್ಕೂ ಬುದ್ಧಿಭ್ರಮಣೆಗೂ ಬಳಸಿ ಫಲ ಕಂಡದ್ದನ್ನು ವೈದ್ಯಪತ್ರಿಕೆಯಲ್ಲಿ ವರದಿ ಮಾಡಿದ್ದರು. ನಮ್ಮ ನಾಟಿವೈದ್ಯರಿಗೆ ಆ ಬೇರು ಹೊಸದಾಗಿರಲಿಲ್ಲ. 1952ರಲ್ಲಿ ಅದರಿಂದ ರೆಸರ್‌ಪಿನ್ ಎಂಬ ಸಾರವನ್ನು ಬೇರ್ಪಡಿಸಲಾಯಿತು, ಅಮೆರಿಕದ ಆಸ್ಪತ್ರೆಗಳಲ್ಲಿ ಬಳಕೆಗೂ ಬಂತು. ಖಿನ್ನತೆ ಮತ್ತು ಇತರ ಅಡ್ಡಪರಿಣಾಮಗಳಿಂದಾಗಿ ಅದು ಹಿಂದೆ ಸರಿದರೂ ಅದರ ಉಪಕಾರ ಬೇರೊಂದು ಕಡೆ ಉಳಿಯಿತು. ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ ರೆಸರ್‌ಪಿನ್ ಕೊಟ್ಟು ಮೊಲಗಳನ್ನು ಅಲುಗಾಡದಂತೆ ಮಾಡಿ, ಅನಂತರ ಎಲ್-ಡೋಪಾ ಕೊಟ್ಟಾಗ ಅವು ಮತ್ತೆ ಓಡಾಡಿದ್ದನ್ನು 1957ರಲ್ಲಿ ತೋರಿಸಿದ. ಡೋಪಮಿನ್ ತಾನೇ ಒಂದು ನರವಾಹಕವೆಂದು ಜಗತ್ತಿಗೆ ತಿಳಿದದ್ದು ಆ ಕೆಲಸದಿಂದ. 2000ದಲ್ಲಿ ಅವನಿಗೆ ನೊಬೆಲ್ ಬಂತು. ಇಂದಿನ ಗುಳಿಗೆಗಳಲ್ಲಿ ಹೆಚ್ಚಿನವು ನಿಂತಿರುವ ತಿಳಿವಳಿಕೆಯ ಬುಡದಲ್ಲಿ ನಮ್ಮ ಕಾಡಿನ ಬೇರೊಂದಿದೆ ಎಂಬುದು ಹೆಚ್ಚು ಜನರಿಗೆ ಗೊತ್ತಿರಬೇಕಾದ ವಿಷಯ.

ಇಂದು ಹೆಚ್ಚು ಬಳಕೆಯಲ್ಲಿರುವವು ರಿಸ್ಪೆರಿಡೋನ್, ಓಲಾಂಜಪಿನ್, ಅರಿಪಿಪ್ರಜೋಲ್, ಹಳೆಯದಾದ ಹ್ಯಾಲೊಪೆರಿಡಾಲ್. ಎರಡು ಬೇರೆ ಔಷಧಿಗಳು ಸೋತವರಿಗೆ ಕ್ಲೋಜಪಿನ್ ಇದೆ. ಅದರಷ್ಟು ಶಕ್ತವಾದದ್ದು ಇನ್ನೊಂದಿಲ್ಲ. ಬಿಳಿ ರಕ್ತಕಣಗಳನ್ನು ಅಪಾಯಕರವಾಗಿ ಇಳಿಸುವ ಸಂಭವ ಇರುವುದರಿಂದ ಅದನ್ನು ತೆಗೆದುಕೊಳ್ಳುವವರು, ವಿಶೇಷವಾಗಿ ಮೊದಲ ತಿಂಗಳುಗಳಲ್ಲಿ, ತಪ್ಪದೆ ರಕ್ತಪರೀಕ್ಷೆ ಮಾಡಿಸಬೇಕು. ಬೀಡಿ ಸಿಗರೇಟಿನ ಹೊಗೆ ರಕ್ತದಲ್ಲಿ ಕ್ಲೋಜಪಿನ್ ಮಟ್ಟವನ್ನು ಇಳಿಸುತ್ತದೆ, ಹಾಗಾಗಿ ಸೇದುವುದನ್ನು ಶುರು ಮಾಡಿದರೂ ಬಿಟ್ಟರೂ ವೈದ್ಯರಿಗೆ ತಿಳಿಸಬೇಕು. ಹಳೆಯ ಔಷಧಿಗಳು ಕೈನಡುಕ, ಬಿಗಿತ, ಕುಳಿತಲ್ಲಿ ಕೂರಲಾಗದ ಚಡಪಡಿಕೆ ತರುತ್ತವೆ. ಹೊಸವುಗಳಲ್ಲಿ ಕೆಲವು ತೂಕ ಮತ್ತು ಸಕ್ಕರೆ ಏರಿಸುತ್ತವೆ. ಹೆಂಗಸರಲ್ಲಿ ಮುಟ್ಟು ನಿಲ್ಲಬಹುದು, ಅದನ್ನು ಹೇಳಿಕೊಳ್ಳಲು ಸಂಕೋಚಪಟ್ಟು ಗುಳಿಗೆಯನ್ನೇ ಬಿಟ್ಟುಬಿಡುವವರಿದ್ದಾರೆ. ಇವೆಲ್ಲಕ್ಕೂ ಪರಿಹಾರವಿದೆ, ಕೇಳಬೇಕು. ದಿನವೂ ಗುಳಿಗೆ ನುಂಗಲಾಗದವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್ ಇದೆ. ಗುಣವಾಯಿತೆಂದು ಔಷಧಿ ನಿಲ್ಲಿಸುವುದು ಕಾಯಿಲೆ ಮರಳಲು ಅತಿ ದೊಡ್ಡ ಕಾರಣ. ಸೆಪ್ಟೆಂಬರ್ 2024ರಲ್ಲಿ ಅಮೆರಿಕ ಮಂಜೂರು ಮಾಡಿದ ಜಾನೊಮೆಲಿನ್-ಟ್ರಾಸ್ಪಿಯಮ್, ಡೋಪಮಿನ್ ಗ್ರಾಹಕಗಳನ್ನು ತಡೆಯದೆ ಬೇರೊಂದು ದಾರಿಯಲ್ಲಿ ಕೆಲಸ ಮಾಡುವ ಮೊದಲ ಔಷಧಿ.

ಮನೆ, ಊರು, ಆಸ್ಪತ್ರೆ

ಭಾರತದಲ್ಲಿ ಸ್ಕಿಜೋಫ್ರೀನಿಯಾ ಇರುವವರಲ್ಲಿ ಬಹುಪಾಲು ಜನ ಮನೆಯವರ ಜೊತೆಗೇ ಬದುಕುತ್ತಾರೆ. ಕುಟುಂಬದ ಆ ಶಕ್ತಿಯನ್ನು ಮೊದಲು ಕಂಡುಕೊಂಡವರಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಒಬ್ಬರು. 1950ರ ದಶಕದಲ್ಲಿ ಅವರು ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಕುಟುಂಬದವರನ್ನೂ ಉಳಿಸಿಕೊಂಡರು. ವೆಲ್ಲೂರಿನ ಆಸ್ಪತ್ರೆಯೂ ಅದೇ ದಾರಿ ಹಿಡಿಯಿತು. ಮನೆಯ ವಾತಾವರಣ ಎಷ್ಟು ಮುಖ್ಯವೆಂಬುದು ಲಂಡನ್ನಿನ ಜಾರ್ಜ್ ಬ್ರೌನ್ ಮತ್ತು ಸಂಗಡಿಗರ ಅಧ್ಯಯನಗಳಿಂದ ತಿಳಿಯಿತು: ಸದಾ ಟೀಕೆ, ಹಗೆತನ ಅಥವಾ ಉಸಿರುಗಟ್ಟಿಸುವಷ್ಟು ಕಾಳಜಿ ಇರುವ ಮನೆಗೆ ಮರಳಿದವರಲ್ಲಿ ಕಾಯಿಲೆ ಮತ್ತೆ ಬರುವುದು ಹೆಚ್ಚು. ಚಂಡೀಗಢದಲ್ಲಿ ಇದನ್ನೇ ಅಳೆದಾಗ ಅಂಥ ಮನೆಗಳ ಪ್ರಮಾಣ ಲಂಡನ್ನಿಗಿಂತ ಸಾಕಷ್ಟು ಕಡಿಮೆ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನಗಳಲ್ಲಿ ಆಗ್ರಾ, ಇಬಾದಾನ್‌ನಂಥ ಕಡೆಯ ರೋಗಿಗಳು ಶ್ರೀಮಂತ ದೇಶದವರಿಗಿಂತ ಚೆನ್ನಾಗಿ ಚೇತರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣವೆಂದು ಹೇಳಲಾಯಿತು. ಆ ತೀರ್ಮಾನದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅದನ್ನು ನೆಪವಾಗಿಟ್ಟುಕೊಂಡು ಎಲ್ಲ ಹೊರೆಯನ್ನೂ ಮನೆಯ ಹೆಂಗಸರ ಮೇಲೆ ಹಾಕಿ ಸರಕಾರ ಕೈತೊಳೆದುಕೊಳ್ಳುವಂತಿಲ್ಲ. ವಯಸ್ಸಾದ ತಾಯಂದಿರು "ನಾನು ಹೋದ ಮೇಲೆ ಇವನನ್ನು ಯಾರು ನೋಡ್ಕೋತಾರೆ" ಎಂದು ಕೇಳುವ ಪ್ರಶ್ನೆಗೆ ನಮ್ಮ ವ್ಯವಸ್ಥೆ ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ.

ಕರ್ನಾಟಕದ ಪಾಲು ಇಲ್ಲಿ ಹಿರಿದು. ಡಾ. ಎಂ. ವಿ. ಗೋವಿಂದಸ್ವಾಮಿ ಬೆಳೆಸಿದ, ಬೆಂಗಳೂರಿನಲ್ಲಿದ್ದ ಮೈಸೂರು ಸರಕಾರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು; ಎರಡೂ 1974ರಲ್ಲಿ ಸೇರಿ ನಿಮ್ಹಾನ್ಸ್ ಆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಮನೋರೋಗಕ್ಕೆ ಚಿಕಿತ್ಸೆ ಕೊಡಬಲ್ಲರು ಎಂಬುದನ್ನು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗಿಸಿ ನೋಡಲಾಯಿತು, 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಈ ಶತಮಾನದಲ್ಲಿ ನಿಮ್ಹಾನ್ಸ್ ತಂಡ ತೀರ್ಥಹಳ್ಳಿ, ತುರುವೇಕೆರೆ ತಾಲ್ಲೂಕುಗಳಲ್ಲಿ ಸ್ಕಿಜೋಫ್ರೀನಿಯಾ ಇರುವವರನ್ನು ಗುರುತಿಸಿ ಊರಿನಲ್ಲೇ ಚಿಕಿತ್ಸೆ ಕೊಟ್ಟಿತು. ವರ್ಷಗಟ್ಟಲೆ ಔಷಧಿ ಕಾಣದೆ ಉಳಿದಿದ್ದವರೂ ಚಿಕಿತ್ಸೆಗೆ ಸ್ಪಂದಿಸಿದರು. ತಪ್ಪದೆ ಔಷಧಿ ತೆಗೆದುಕೊಂಡವರಲ್ಲಿ ಅಶಕ್ತತೆ ಇಳಿಯಿತು, ಹಲವರು ಗದ್ದೆ, ತೋಟ, ಮನೆಗೆಲಸಗಳಲ್ಲಿ ತೊಡಗಿಕೊಂಡರು. ಹೊತ್ತಿನ ಕಟ್ಟುನಿಟ್ಟು ಇಲ್ಲದ, ಒಬ್ಬರು ಕೈಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುವ ಬೇಸಾಯದ ಬದುಕು ಇಂಥವರಿಗೆ ಕಚೇರಿಗಿಂತ ಹೆಚ್ಚು ಜಾಗ ಕೊಡುತ್ತದೆ ಎಂಬುದು ಗಮನಿಸಬೇಕಾದ ಸಂಗತಿ. ಔಷಧಿಯ ಜೊತೆಗೆ ಯೋಗಾಭ್ಯಾಸ ಸೇರಿಸಿದಾಗ ಋಣಾತ್ಮಕ ಲಕ್ಷಣಗಳು ತಕ್ಕಮಟ್ಟಿಗೆ ಸುಧಾರಿಸಿದ್ದನ್ನೂ ನಿಮ್ಹಾನ್ಸ್ ಅಧ್ಯಯನಗಳು ದಾಖಲಿಸಿವೆ. ಔಷಧಿಯ ಬದಲಿಗೆ ಯೋಗ ಎಂದು ಇದನ್ನು ಓದಿಕೊಳ್ಳಬಾರದು.

ಕಾಯಿಲೆಯ ಹಾದಿ ಎಲ್ಲರಲ್ಲೂ ಒಂದೇ ಅಲ್ಲ. ಮೂವರಲ್ಲಿ ಒಬ್ಬರಾದರೂ ಪೂರ್ತಿ ಚೇತರಿಸಿಕೊಳ್ಳುತ್ತಾರೆ, ಇನ್ನು ಕೆಲವರಿಗೆ ಬಿಟ್ಟು ಬಿಟ್ಟು ಬರುತ್ತದೆ, ಉಳಿದವರು ಲಕ್ಷಣಗಳ ಜೊತೆಗೇ ಬದುಕುತ್ತಾರೆ. ಅಮೆರಿಕದ ಗಣಿತಜ್ಞ ಜಾನ್ ನ್ಯಾಶ್ ದಶಕಗಳ ಕಾಯಿಲೆಯಿಂದ ಹೊರಬಂದು 1994ರಲ್ಲಿ ನೊಬೆಲ್ ಪಡೆದ. ಬರ್ಕ್ಲಿಯಲ್ಲಿ ಪಿಎಚ್‌.ಡಿ. ಮುಗಿಸಿ ಬಂದಿದ್ದ ಬಿಹಾರದ ಗಣಿತಜ್ಞ ವಶಿಷ್ಠ ನಾರಾಯಣ ಸಿಂಗ್ ಅದೇ ಕಾಯಿಲೆಯಲ್ಲಿ ವರ್ಷಗಟ್ಟಲೆ ಕಣ್ಮರೆಯಾಗಿದ್ದು, 1993ರಲ್ಲಿ ಸಿಕ್ಕಿ, 2019ರಲ್ಲಿ ತೀರಿಕೊಂಡರು. ರೋಗಿಗಳು ಅಪಾಯಕಾರಿಗಳೆಂಬ ಹೆದರಿಕೆ ಉತ್ಪ್ರೇಕ್ಷೆ. ಹಿಂಸೆ ಮಾಡುವವರಿಗಿಂತ ಹಿಂಸೆಗೆ ಗುರಿಯಾಗುವವರೇ ಹೆಚ್ಚು. ನಿಜವಾದ ಅಪಾಯ ಅವರ ಪ್ರಾಣಕ್ಕೇ ಇದೆ. ಸುಮಾರು ಶೇ. 5ರಷ್ಟು ಮಂದಿ ಆತ್ಮಹತ್ಯೆಯಿಂದ ಸಾಯುತ್ತಾರೆ, ಅದಕ್ಕಿಂತ ಹೆಚ್ಚು ಜನರನ್ನು ಯಾರೂ ಗಮನಿಸದ ಹೃದ್ರೋಗ, ಸಕ್ಕರೆ ಕಾಯಿಲೆ, ಸೋಂಕುಗಳು ಬೇಗ ಒಯ್ಯುತ್ತವೆ.

ಮದುವೆ ಮತ್ತು ಕಾನೂನು

"ಮದುವೆ ಮಾಡಿದರೆ ಸರಿಹೋಗುತ್ತೆ" ಎಂಬ ಸಲಹೆಯಷ್ಟು ಹಾನಿ ಮಾಡಿದ ಮಾತು ಇನ್ನೊಂದಿರಲಾರದು. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಗುಳಿಗೆಯೂ ಗುಟ್ಟಾಗುತ್ತದೆ, ಗುಟ್ಟಾದ ಗುಳಿಗೆ ಬೇಗ ನಿಲ್ಲುತ್ತದೆ, ಕಾಯಿಲೆ ಮರಳುತ್ತದೆ, ಸಂಬಂಧ ಮುರಿಯುತ್ತದೆ. ಹೇಳಿ ಮಾಡಿಕೊಂಡ ಮದುವೆಗಳು ಬಾಳಿದ ಉದಾಹರಣೆಗಳು ಬೇಕಾದಷ್ಟಿವೆ. ತ್ರಿವೇಣಿಯವರ ಶರಪಂಜರ ಕಾದಂಬರಿ ಮತ್ತು 1971ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ ಅದರ ಸಿನಿಮಾ ಹೇಳುವುದು ಹೆರಿಗೆಯ ನಂತರದ ಮನೋರೋಗದ ಕಥೆಯನ್ನು. ಆದರೂ ಆಸ್ಪತ್ರೆಯಿಂದ ಗುಣವಾಗಿ ಬಂದ ಹೆಂಗಸನ್ನು ಮನೆಯ ಮತ್ತು ನೆರೆಹೊರೆಯ ಅನುಮಾನ ಹೇಗೆ ಮತ್ತೆ ಕಾಯಿಲೆಗೆ ತಳ್ಳುತ್ತದೆಂಬುದನ್ನು ಕನ್ನಡಿಗರಿಗೆ ಅದಕ್ಕಿಂತ ಚೆನ್ನಾಗಿ ಯಾರೂ ತೋರಿಸಿಲ್ಲ. ಹಿಂದೂ ವಿವಾಹ ಕಾಯ್ದೆ ವಿಚ್ಛೇದನದ ಕಾರಣಗಳಲ್ಲಿ ಸ್ಕಿಜೋಫ್ರೀನಿಯಾವನ್ನು ಹೆಸರಿಸುತ್ತದೆ. ಆದರೆ ಕಾಯಿಲೆಯ ಹೆಸರಷ್ಟೇ ಸಾಲದು, ಒಟ್ಟಿಗೆ ಬಾಳಲಾಗದಷ್ಟು ತೀವ್ರತೆ ಸಾಬೀತಾಗಬೇಕೆಂದು ಸುಪ್ರೀಂ ಕೋರ್ಟ್ 1988ರ ರಾಮ್ ನಾರಾಯಣ್ ಗುಪ್ತ ಪ್ರಕರಣದಲ್ಲಿ ಹೇಳಿತು. 2013ರಲ್ಲಿ ಇನ್ನೊಂದು ಪ್ರಕರಣದಲ್ಲಿ ಅದೇ ನಿಲುವಿನಿಂದ ಗಂಡನಿಗೆ ವಿಚ್ಛೇದನ ನಿರಾಕರಿಸಿತು.

2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾದ ಆಸುಪಾಸಿನಲ್ಲಿ ಮನೋರೋಗಿಗಳನ್ನು ಇರಿಸಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದು 28 ಮಂದಿ ಸತ್ತರು. ಸರಪಳಿ ಹಾಕಿದ್ದರಿಂದ ಅವರಿಗೆ ಓಡಲಾಗಲಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸರಪಳಿಯನ್ನು, ಅರಿವಳಿಕೆಯಿಲ್ಲದ ವಿದ್ಯುತ್ ಚಿಕಿತ್ಸೆಯನ್ನು ನಿಷೇಧಿಸಿದೆ. ಮುಂದೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಆರೋಗ್ಯವಾಗಿರುವಾಗಲೇ ಬರೆದಿಡುವ ಹಕ್ಕನ್ನು ಕೊಟ್ಟಿದೆ. ದೈಹಿಕ ಕಾಯಿಲೆಗಳಂತೆಯೇ ಮನೋರೋಗಕ್ಕೂ ವಿಮೆ ಇರಬೇಕೆಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಶಕ್ತತೆ ಇರುವವರು ಪ್ರಮಾಣಪತ್ರ ಪಡೆದು ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರು ಸಿಗುವ ಏರ್ಪಾಡಿದೆ, ಮಾನಸಧಾರಾ ಹೆಸರಿನ ಹಗಲು ಆರೈಕೆ ಕೇಂದ್ರಗಳಿವೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416; ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.